ಓಟಿನ ತೂಕ ಮತ್ತು ಕ್ಷೇತ್ರದ ಗೆರೆ

(ರಾಣೆಬೆನ್ನೂರಿನಲ್ಲಿ ಕೂಡಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಗೋವಿನಜೋಳದ ಧಾರಣೆ ಬಗ್ಗೆ ಮಾತಾಡ್ತಾರೆ ಅಂತ ನೀವೆಲ್ಲಾ ಬಂದು ಕೂತಿದ್ದೀರಿ. ನಾನೂ ಧಾರಣೆ ಬಗ್ಗೆಯೇ ಮಾತಾಡುವವನು. ಆದರೆ ಇವತ್ತು ಜೋಳದ ಧಾರಣೆ ಅಲ್ಲ, ನಿಮ್ಮ ಓಟಿನ ಧಾರಣೆ.

ಮಾರುಕಟ್ಟೆಗೆ ಚೀಲ ಒಯ್ದಾಗ ನಮ್ಮ ಕಣ್ಣು ಎಲ್ಲಿರುತ್ತದೆ? ಕಾಟಾದ ಮೇಲೆ ಇರುತ್ತದೆ. ಒಂದು ಕಿಲೋ ಹೆಚ್ಚುಕಮ್ಮಿ ಆದರೆ ಜಗಳಕ್ಕೆ ನಿಲ್ಲುತ್ತೇವೆ. ಆದರೆ ಐದು ವರ್ಷಕ್ಕೊಮ್ಮೆ ಓಟು ಹಾಕುತ್ತೇವಲ್ಲ, ಅದರ ತೂಕ ಯಾವ ಕಾಟಾದಲ್ಲಿ ಆಗುತ್ತದೆ ಅಂತ ಯಾರಾದರೂ ಕೇಳಿದ್ದೀರಾ? ಆ ಕಾಟಾದ ಹೆಸರು ಕ್ಷೇತ್ರದ ಗೆರೆ. ಯಾವ ಹಳ್ಳಿ ಯಾವ ಕ್ಷೇತ್ರಕ್ಕೆ ಸೇರಬೇಕು, ಎಲ್ಲಿಂದ ಎಲ್ಲಿಗೆ ಒಬ್ಬ ಎಮ್ಮೆಲ್ಲೆ, ಎಷ್ಟು ತಾಲೂಕಿಗೆ ಒಬ್ಬ ಎಂ.ಪಿ. ಎಂದು ನಕಾಶೆಯ ಮೇಲೆ ಎಳೆಯುವ ಗೆರೆ ಅದು. ಪಕ್ಷ ಯಾವುದು, ಅಭ್ಯರ್ಥಿ ಯಾವ ಜಾತಿ ಅಂತ ಕಟ್ಟೆ ಮೇಲೆ ಕೂತು ರಾತ್ರಿಯಿಡೀ ಮಾತಾಡುತ್ತೇವೆ. ಗೆರೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಗೆರಿ ಎಂಬ ಗವರ್ನರನ ಗೆರೆ

ಈ ವಿದ್ಯೆಗೆ ಅಮೆರಿಕಾದಲ್ಲಿ ಒಂದು ಹೆಸರಿದೆ, ಜೆರಿಮ್ಯಾಂಡರ್ ಅಂತ. 1812ರಲ್ಲಿ ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎಲ್‌ಬ್ರಿಜ್ ಗೆರಿ ಎಂಬಾತ ಗವರ್ನರ್ ಆಗಿದ್ದ. ಅವನ ಪಕ್ಷದವರು ತಮಗೆ ಲಾಭವಾಗುವಂತೆ ಕ್ಷೇತ್ರಗಳನ್ನು ಅಂಕುಡೊಂಕಾಗಿ ಕತ್ತರಿಸಿದರು, ಗವರ್ನರ್ ರುಜು ಹಾಕಿದ. ಅದರಲ್ಲಿ ಒಂದು ಕ್ಷೇತ್ರ ಸಲಮಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತಂತೆ. ಬೋಸ್ಟನ್ನಿನ ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರು ಬರೆದು ಚಿತ್ರ ಅಚ್ಚು ಹಾಕಿತು. ಗವರ್ನರನ ಹೆಸರು, ಪ್ರಾಣಿಯ ಹೆಸರು ಎರಡೂ ಕೂಡಿ ಹೊಸ ಮಾತು ಹುಟ್ಟಿತು. ನಮ್ಮ ಕಡೆ ಗೆರೆಗೆ ಗೆರಿ ಅಂತೇವಿ. ಆ ಗವರ್ನರನ ಹೆಸರೂ ಗೆರಿ. ಆದ್ದರಿಂದ ನಿಮಗೆ ಇದು ಮರೆಯುವುದಿಲ್ಲ.

ಹೇಗೆ ಮಾಡುತ್ತಾರೆ? ಬೆರಳ ಮೇಲೆ ಲೆಕ್ಕ ಹಾಕಿ ನೋಡ್ರಿ. ಐದು ಕ್ಷೇತ್ರ, ಒಂದೊಂದರಲ್ಲಿ ನೂರು ಓಟು, ಒಟ್ಟು ಐನೂರು. ಅದರಲ್ಲಿ ಇನ್ನೂರು ಓಟು ರೈತರವು, ಮುನ್ನೂರು ಬೇರೆಯವರವು ಅಂತ ಇಟ್ಟುಕೊಳ್ಳಿ. ಆ ಇನ್ನೂರನ್ನು ಐದು ಕಡೆಗೂ ನಲವತ್ತು ನಲವತ್ತು ಹಂಚಿದರೆ ಎಲ್ಲಾ ಕಡೆ ನಾವು ಸೋತೆವು. ಸೀಟು ಸೊನ್ನೆ. ಅದೇ ಇನ್ನೂರರಲ್ಲಿ ತೊಂಬತ್ತೈದನ್ನು ಒಂದೇ ಕ್ಷೇತ್ರಕ್ಕೆ ತುರುಕಿ, ಉಳಿದದ್ದನ್ನು ನಾಲ್ಕು ಕಡೆ ಚೆಲ್ಲಿದರೆ ಒಂದು ಸೀಟು ಸಿಕ್ಕಿತು. ಅಲ್ಲಿ ನಮಗೆ ಬೇಕಾದದ್ದು ಐವತ್ತೊಂದು, ಉಳಿದ ನಲವತ್ತನಾಲ್ಕು ಓಟು ವ್ಯರ್ಥ. ಮೂರು ಕಡೆ ಐವತ್ತೈದು ಐವತ್ತೈದು ಬರುವ ಹಾಗೆ ಗೆರೆ ಎಳೆದರೆ ಮೂರು ಸೀಟು ನಮ್ಮವು. ಓಟು ಹಾಕಿದವರು ಅವರೇ, ಓಟು ಇನ್ನೂರೇ. ಸೀಟು ಮಾತ್ರ ಸೊನ್ನೆ, ಒಂದು, ಮೂರು. ಚದುರಿಸುವುದು ಒಂದು ಪಟ್ಟು, ಒಂದೇ ಕಡೆ ತುರುಕುವುದು ಇನ್ನೊಂದು ಪಟ್ಟು. ಇಡೀ ವಿದ್ಯೆ ಇಷ್ಟೇ.

ಓಟು ಬೇರೆ, ಸೀಟು ಬೇರೆ

ನಮ್ಮ ದೇಶದಲ್ಲಿ ಗೆರೆ ಎಳೆಯುವುದು ಆಳುವ ಪಕ್ಷವಲ್ಲ. ಅದಕ್ಕಾಗಿ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಇರುತ್ತದೆ. 1952, 1962, 1972, 2002ರ ಕಾಯಿದೆಗಳ ಪ್ರಕಾರ ನಾಲ್ಕು ಸಲ ಆಯೋಗ ಬಂತು. ಕೊನೆಯದಕ್ಕೆ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಅವರು 2001ರ ಜನಗಣತಿ ಹಿಡಿದು ಎಳೆದ ಗೆರೆಯ ಮೇಲೆ 2008ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ವಿಧಾನಸಭಾ ಚುನಾವಣೆ ಕಂಡ ರಾಜ್ಯ ನಮ್ಮ ಕರ್ನಾಟಕ. ನಮ್ಮ ಜಿಲ್ಲೆಯ ಗೆರೆಯನ್ನು ಯಾವುದೋ ಪಕ್ಷಕ್ಕಾಗಿ ಕಳ್ಳತನದಿಂದ ಎಳೆದರು ಎಂದು ನಾನು ಹೇಳುವುದಿಲ್ಲ. ನಾನು ಹೇಳುವುದು ಬೇರೆ. ಕಳ್ಳತನ ಇಲ್ಲದಿದ್ದರೂ ಗೆರೆ ತನ್ನ ಕೆಲಸ ಮಾಡಿಯೇ ಮಾಡುತ್ತದೆ.

ಅಂಕಿ ನೋಡಿ. 1983ರಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 40 ಓಟು ಬಂದವು, ಸೀಟು 82. ಜನತಾ ಪಕ್ಷಕ್ಕೆ ನೂರಕ್ಕೆ 33, ಸೀಟು 95. 2008ರಲ್ಲಿ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಸುಮಾರು ಒಂದು ಪರ್ಸೆಂಟು ಓಟು ಹೆಚ್ಚು. ಸೀಟು? ಕಾಂಗ್ರೆಸ್ 80, ಬಿಜೆಪಿ 110. 2018ರಲ್ಲಿ ಬಿಜೆಪಿಗೆ ನೂರಕ್ಕೆ 36 ಓಟು, ಸೀಟು 104. 2023ರಲ್ಲೂ ಹತ್ತಿರ ಹತ್ತಿರ ಅದೇ 36, ಸೀಟು 66. ಓಟು ಕದಲಲಿಲ್ಲ, ಮೂವತ್ತೆಂಟು ಸೀಟು ಹೋದವು. ಎದುರಿಗಿದ್ದ ಓಟು ಹೇಗೆ ಒಡೆದಿತ್ತು, ಯಾವ ಗೆರೆಯೊಳಗೆ ಕೂಡಿತು ಎಂಬುದೇ ಎಲ್ಲವನ್ನೂ ನಿರ್ಧರಿಸಿತು. ನಮ್ಮ ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ 2018ರಲ್ಲಿ ಬಿಜೆಪಿಗೆ ನಾಲ್ಕು, ಕಾಂಗ್ರೆಸ್ಸಿಗೆ ಒಂದು. 2023ರಲ್ಲಿ ಕಾಂಗ್ರೆಸ್ಸಿಗೆ ಐದು, ಬಿಜೆಪಿಗೆ ಒಂದು. 2018ರಲ್ಲಿ ಹಿರೇಕೆರೂರಿನ ಗೆಲುವಿನ ಅಂತರ 555 ಓಟು. ಒಂದು ಸಣ್ಣ ಹಳ್ಳಿ ಗೆರೆಯ ಈಚೆ ಇದ್ದರೆ ಒಬ್ಬ, ಆಚೆ ಹೋದರೆ ಇನ್ನೊಬ್ಬ.

ಇದರಲ್ಲಿ ಯಾವ ಪಕ್ಷಕ್ಕೆ ಲಾಭ, ಯಾವುದಕ್ಕೆ ಲುಕ್ಸಾನು ಅಂತ ನಾವು ಅಳಬೇಕಾಗಿಲ್ಲ. ಅವರವರ ಸರದಿ ಬಂದಾಗ ಅವರವರು ಉಂಡಿದ್ದಾರೆ. ನಮ್ಮ ಪ್ರಶ್ನೆ, ರೈತನ ಓಟು ಎಲ್ಲಿ ಹೋಯಿತು?

ರೈತನ ಓಟು ಎಲ್ಲಿ ಚದುರಿತು

1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಗುಂಡಿಗೆ ಬಲಿಯಾದರು. ಅಲ್ಲಿಂದ ಎದ್ದ ಚಳವಳಿ ಇಡೀ ರಾಜ್ಯಕ್ಕೆ ಹಬ್ಬಿತು. ಅಪ್ಪಣೆ ಇಲ್ಲದೆ ವಸೂಲಿ ಅಧಿಕಾರಿ ಒಳಗೆ ಬರಕೂಡದು ಎಂದು ಊರಬಾಗಿಲಿಗೆ ಬೋರ್ಡು ಹಾಕಿದ ಕಾಲ ಅದು. ಹಸಿರು ಶಾಲು ಇಲ್ಲದ ತಾಲೂಕು ಹುಡುಕಬೇಕಿತ್ತು. ಆದರೆ ವಿಧಾನಸಭೆಗೆ ಹೋದವರೆಷ್ಟು? 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದರು. ಆ ವಿಧಾನಸಭೆಗೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೂ ಧಾರವಾಡದ ಕಡೆಯಿಂದಲೇ ಹೋದರು. 1994ರಲ್ಲಿ ಪಾಂಡವಪುರದಿಂದ, ಮತ್ತೆ 2013ರಲ್ಲಿ ಮೇಲುಕೋಟೆಯಿಂದ ಕೆ.ಎಸ್. ಪುಟ್ಟಣ್ಣಯ್ಯನವರು, 2023ರಲ್ಲಿ ಅದೇ ಮೇಲುಕೋಟೆಯಿಂದ ದರ್ಶನ್ ಪುಟ್ಟಣ್ಣಯ್ಯನವರು. ಒಂದೊಂದು ಕಾಲಕ್ಕೆ ಬೆರಳ ಮೇಲೆ ಎಣಿಸುವಷ್ಟು. ನಮ್ಮಲ್ಲಿ ಜಗಳ ಇತ್ತು, ಜಾತಿ ಇತ್ತು, ದುಡ್ಡಿನ ಆಟ ಇತ್ತು. ಅದು ಬೇರೆ ಮಾತು. ಆದರೆ ಒಂದು ಸತ್ಯ ತಿಳಿಯಿರಿ: ಓಟು ಒತ್ತಾಗಿ ಒಂದು ಗೆರೆಯೊಳಗೆ ಕೂಡಿದ ಕಡೆ ಗೆದ್ದೆವು, ಚದುರಿದ ಕಡೆ ಡಿಪಾಜಿಟ್ ಕಳೆದುಕೊಂಡೆವು.

ಇನ್ನು ನಕಾಶೆ ಬಿಚ್ಚಿ ನೋಡೋಣ. ನರಗುಂದ, ನವಲಗುಂದ ಎರಡಕ್ಕೂ ಮಲಪ್ರಭೆಯ ನೀರಿನದೇ ಪ್ರಶ್ನೆ. 2008ರ ನಕಾಶೆಯಲ್ಲಿ ನರಗುಂದದ ಎಂ.ಪಿ. ಓಟು ಬಾಗಲಕೋಟೆಗೆ, ನವಲಗುಂದದ ಎಂ.ಪಿ. ಓಟು ಧಾರವಾಡಕ್ಕೆ. ನಮ್ಮ ಜಿಲ್ಲೆಗೇ ಬನ್ನಿ. ಶಿಗ್ಗಾಂವಿ ನಮ್ಮ ಹಾವೇರಿ ಜಿಲ್ಲೆ. ಕಲೆಕ್ಟರ್ ಕಚೇರಿ ಹಾವೇರಿಯಲ್ಲಿ, ಎಂ.ಪಿ. ಧಾರವಾಡದವರು. ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ ಹಾವೇರಿ ಲೋಕಸಭೆಗೆ ಸೇರಿವೆ. ಸವಣೂರು ತಾಲೂಕಿನ ಹೆಸರಿನಲ್ಲಿ ಕ್ಷೇತ್ರವೇ ಇಲ್ಲ. ಜೋಳಕ್ಕೆ ಬೆಂಬಲ ಬೆಲೆ, ಗೊಬ್ಬರದ ಹಂಚಿಕೆ, ಆಮದಿನ ಸುಂಕ ಎಲ್ಲಾ ದಿಲ್ಲಿಯ ಕೈಯಲ್ಲಿ. ದಿಲ್ಲಿಗೆ ಕೇಳಬೇಕಾದ ಒಂದು ಜಿಲ್ಲೆಯ ದನಿಯನ್ನು ಎರಡು ತುಂಡು ಮಾಡಿ ಇಟ್ಟ ಹಾಗಾಯಿತು.

ಬ್ಯಾಡಗಿ ಮೆಣಸಿನಕಾಯಿ ಪೇಟೆಯನ್ನೇ ತಗೊಳ್ಳಿ. 2024ರ ಮಾರ್ಚ್ 11ರಂದು ಬೆಲೆ ಕುಸಿದು, ರೊಚ್ಚಿಗೆದ್ದ ಜನ ಎ.ಪಿ.ಎಂ.ಸಿ. ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿಯನ್ನು ನಾನು ಒಪ್ಪುವುದಿಲ್ಲ. ಆದರೆ ಅಲ್ಲಿಗೆ ಕಾಯಿ ತಂದವರು ಯಾರು? ಗದಗ, ಕುಂದಗೋಳ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯವರು. ಆ ಪೇಟೆಯ ಮೇಲೆ ಬದುಕು ಇಟ್ಟ ಸಾವಿರಾರು ಬೆಳೆಗಾರರ ಓಟು ಬ್ಯಾಡಗಿ ಕ್ಷೇತ್ರದಲ್ಲಿ ಇಲ್ಲವೇ ಇಲ್ಲ. ಬ್ಯಾಡಗಿ ಎಮ್ಮೆಲ್ಲೆ ಅವರಿಗೆ ಉತ್ತರ ಹೇಳಬೇಕಾಗಿಲ್ಲ, ಅವರ ಎಮ್ಮೆಲ್ಲೆಗೆ ಬ್ಯಾಡಗಿ ಪೇಟೆ ದೂರದ ಮಾತು. ಪೇಟೆ ಒಂದು, ಓಟು ಇಪ್ಪತ್ತು ಕ್ಷೇತ್ರಗಳಿಗೆ ಚದುರಿದ್ದು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆದರೂ ಪರಿಣಾಮ ಆ ಗವರ್ನರ್ ಗೆರಿಯ ಪರಿಣಾಮವೇ.

2008ರ ಜೂನ್ 10 ನಿಮ್ಮಲ್ಲಿ ಯಾರಿಗೂ ಮರೆತಿಲ್ಲ. ಹೊಸ ಗೆರೆಯ ಮೇಲೆ ಮೊದಲ ಸಲ ಓಟು ಹಾಕಿ ಒಂದು ತಿಂಗಳೂ ಆಗಿರಲಿಲ್ಲ. ಗೊಬ್ಬರ ಕೇಳಲು ಹೋದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ಆಯಿತು, ಇಬ್ಬರು ಸತ್ತರು. ಓಟಿನಲ್ಲಿ ತೂಕ ಇಲ್ಲದವನು ಬೀದಿಗೆ ಬರುತ್ತಾನೆ, ಬೀದಿಗೆ ಬಂದವನಿಗೆ ಗುಂಡು ಕಾದಿರುತ್ತದೆ. ಅದಕ್ಕೇ ಈ ಒಣ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೀಸಲಾತಿಯ ಮೇಲೆ ಸಿಟ್ಟು ಬೇಡ

ಇಲ್ಲಿ ಒಂದು ಕಹಿ ಮಾತು ಹೇಳಬೇಕು. 2008ಕ್ಕೆ ಮೊದಲು ಬ್ಯಾಡಗಿ ಪರಿಶಿಷ್ಟ ಜಾತಿಗೆ ಮೀಸಲು, ಹಾವೇರಿ ಸಾಮಾನ್ಯ. 2008ರಿಂದ ಹಾವೇರಿ ಮೀಸಲು, ಬ್ಯಾಡಗಿ ಸಾಮಾನ್ಯ. ಆ ಕಡೆ ಶಿರಹಟ್ಟಿಯೂ ಮೀಸಲಾಯಿತು. ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಸೀಟು 33 ಇದ್ದದ್ದು 36, ಪರಿಶಿಷ್ಟ ವರ್ಗದ್ದು ಬರೀ 2 ಇದ್ದದ್ದು 15 ಆಯಿತು. "ನಮ್ಮ ಸೀಟು ಹೋಯ್ತು" ಅಂತ ಗೊಣಗುವ ಭೂಮಾಲೀಕರನ್ನು ನಾನು ಕಂಡಿದ್ದೇನೆ. ಸೀಟು ಯಾರಪ್ಪನ ಮನೆಯ ಹೊಲವೂ ಅಲ್ಲ. 2 ಇದ್ದದ್ದು 15 ಆಯಿತೆಂದರೆ ಅಷ್ಟು ವರ್ಷ ಆ ಜನರ ಪಾಲು ಅವರಿಗೆ ಸಿಕ್ಕಿರಲಿಲ್ಲ ಎಂದೇ ಅರ್ಥ. ಹಳೆಯ ಗೆರೆ 1971ರ ಜನಗಣತಿಯದು. 1978ರಿಂದ 2004ರವರೆಗೆ ಏಳು ಚುನಾವಣೆ ಅದೇ ಗೆರೆಯ ಮೇಲೆ ನಡೆದವು. ನಮ್ಮ ಹೊಲದಲ್ಲಿ ದುಡಿಯುವವನ ಓಟು ಹಗುರಾದಾಗ ಸುಮ್ಮನಿದ್ದು, ನಮ್ಮ ಓಟು ಹಗುರಾದಾಗ ಮಾತ್ರ ಕೂಗಿದರೆ ಯಾರೂ ಕೇಳುವುದಿಲ್ಲ. ಕೂಲಿಕಾರನ ಓಟು, ಒಕ್ಕಲಿನವನ ಓಟು ಎರಡೂ ಒಂದೇ ಹಳ್ಳಿಯ ಓಟು. ಹಳ್ಳಿ ಹಗುರಾದರೆ ಇಬ್ಬರೂ ಹಗುರು.

ಮುಂದಿನ ಗೆರೆ

ಈಗ ಮುಖ್ಯ ಮಾತಿಗೆ ಬರುತ್ತೇನೆ. 1976ರಲ್ಲಿ, ತುರ್ತು ಪರಿಸ್ಥಿತಿ ಕಾಲದಲ್ಲಿ, ಸಂವಿಧಾನದ 42ನೇ ತಿದ್ದುಪಡಿ ತಂದು ರಾಜ್ಯರಾಜ್ಯಗಳ ಸೀಟಿನ ಸಂಖ್ಯೆಯನ್ನು ಹಾಗೇ ನಿಲ್ಲಿಸಿದರು. 84ನೇ ತಿದ್ದುಪಡಿ ಬಂದು, 2026ರ ನಂತರದ ಮೊದಲ ಜನಗಣತಿಯ ಅಂಕಿ ಹೊರಬೀಳುವವರೆಗೆ ಅಂತ ಅದನ್ನು ಮುಂದೆ ಹಾಕಿತು. 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಇಟ್ಟುಕೊಂಡು 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣಕ್ಕೆ ಸೀಟು ಕಡಿಮೆಯಾಗುತ್ತದೆ, ಉತ್ತರಪ್ರದೇಶದಂಥ ರಾಜ್ಯಕ್ಕೆ ಹೆಚ್ಚಾಗುತ್ತದೆ ಎಂದು ಬೆಂಗಳೂರಿನ ಮುಖಂಡರು ದಿಲ್ಲಿಗೆ ಮುಖ ಮಾಡಿ ಕೂಗಿದರು. ಕೂಗಬೇಕಾದ್ದೇ. ಆದರೆ ದಿಲ್ಲಿಯ ಮುಂದೆ ಕರ್ನಾಟಕ ಆಡುವ ಮಾತನ್ನೇ ಬೆಂಗಳೂರಿನ ಮುಂದೆ ಹಾವೇರಿ ಆಡಬೇಕಾಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ.

ಲೆಕ್ಕ ನೋಡ್ರಿ. 2001ರಲ್ಲಿ ಹಾವೇರಿ ಜಿಲ್ಲೆಯ ಜನ 14 ಲಕ್ಷ 39 ಸಾವಿರ. ಕ್ಷೇತ್ರ ಆರು. ಒಂದಕ್ಕೆ 2 ಲಕ್ಷ 40 ಸಾವಿರ. ಬೆಂಗಳೂರು ನಗರ ಜಿಲ್ಲೆಯ ಜನ 65 ಲಕ್ಷ 37 ಸಾವಿರ, ಕ್ಷೇತ್ರ 28. ಒಂದಕ್ಕೆ 2 ಲಕ್ಷ 33 ಸಾವಿರ. ಸರಿಸಮ ತೂಕ. 2011ಕ್ಕೆ ಹಾವೇರಿ 15 ಲಕ್ಷ 98 ಸಾವಿರ, ಹತ್ತು ವರ್ಷದಲ್ಲಿ ನೂರಕ್ಕೆ 11 ಬೆಳೆಯಿತು. ಬೆಂಗಳೂರು ನಗರ ಜಿಲ್ಲೆ 96 ಲಕ್ಷ 22 ಸಾವಿರ, ನೂರಕ್ಕೆ 47 ಬೆಳೆಯಿತು. 224 ಸೀಟನ್ನು 2011ರ ಜನಸಂಖ್ಯೆಗೆ ಹಂಚಿದರೂ ಬೆಂಗಳೂರಿಗೆ 28 ಅಲ್ಲ, 35 ಬರುತ್ತದೆ. ಹಾವೇರಿಗೆ ಆರು ತುಂಬುವುದಿಲ್ಲ. ಆಮೇಲೆ ಕಳೆದ ವರ್ಷಗಳ ಲೆಕ್ಕ ಬೇರೆ. ಆ ಏಳೆಂಟು ಸೀಟು ಆಕಾಶದಿಂದ ಬೀಳುವುದಿಲ್ಲ. ಸೀಟಿನ ಸಂಖ್ಯೆ ಹೆಚ್ಚಿಸದಿದ್ದರೆ ನಮ್ಮಂಥ ಜಿಲ್ಲೆಗಳಿಂದ ಕಿತ್ತೇ ಕೊಡಬೇಕು.

ಹಾವೇರಿ ಯಾಕೆ ಬೆಳೆಯಲಿಲ್ಲ? ಕುಟುಂಬ ಸಣ್ಣದಾದದ್ದು ಒಂದು ಕಾರಣ. ಇನ್ನೊಂದು ಕಾರಣ ನಿಮ್ಮ ಮನೆಯಲ್ಲೇ ಇದೆ. ದೊಡ್ಡ ಮಗ ಎಲ್ಲಿದ್ದಾನೆ? ಬೆಂಗಳೂರಲ್ಲಿ. ಬೆಲೆ ಬಿದ್ದ ವರ್ಷ ಸಾಲ ಏರುತ್ತದೆ, ಸಾಲ ಏರಿದ ಮನೆಯ ಹುಡುಗ ಊರು ಬಿಡುತ್ತಾನೆ. ಊರು ಬಿಟ್ಟವನನ್ನು ಜನಗಣತಿಯವರು ಅವನು ಇರುವ ಕಡೆಯೇ ಎಣಿಸುತ್ತಾರೆ. ತಲೆ ಕಡಿಮೆಯಾದರೆ ಸೀಟು ಕಡಿಮೆ. ಸೀಟು ಕಡಿಮೆಯಾದರೆ ಬೆಲೆ ಕೇಳುವವರಿಲ್ಲ. ಮತ್ತೆ ಬೆಲೆ ಬೀಳುತ್ತದೆ. ಗಾಣದೆತ್ತಿನ ಸುತ್ತು ಇದು. ನಮ್ಮ ಬೆಲೆ ಕಸಿದವರೇ ಈಗ ನಮ್ಮ ಸೀಟನ್ನೂ ಕಸಿದ ಹಾಗೆ.

ನೀವು ಕೇಳಬಹುದು: "ಪಟ್ಟಣದವನದೂ ಒಂದು ಓಟಲ್ಲೇನ್ರೀ? ಅವನ ಓಟು ಹಗುರಾದರೆ ನ್ಯಾಯವೇ?" ಒಳ್ಳೆಯ ಪ್ರಶ್ನೆ. 2008ಕ್ಕೆ ಮೊದಲು ಬೆಂಗಳೂರಿನ ಉತ್ತರಹಳ್ಳಿ ಕ್ಷೇತ್ರ ಎಷ್ಟು ಊದಿಕೊಂಡಿತ್ತೆಂದರೆ ಹಲವು ಹಳ್ಳಿ ಕ್ಷೇತ್ರಗಳನ್ನು ಕೂಡಿಸಿದರೂ ಅದಕ್ಕೆ ಸಮ ಆಗುತ್ತಿರಲಿಲ್ಲ. ಆ ಜನಕ್ಕೂ ಅನ್ಯಾಯ ಆಗಿತ್ತು. ಒಬ್ಬ ಮನುಷ್ಯನಿಗೆ ಒಂದು ಓಟು, ಒಂದೇ ತೂಕ. ಇದನ್ನು ನಾನು ಬಿಟ್ಟುಕೊಡುವುದಿಲ್ಲ. ಹಳ್ಳಿಯವನಿಗೆ ಒಂದೂವರೆ ಓಟು ಕೊಡಿ ಎಂದು ನಾವು ಬೇಡುವುದಿಲ್ಲ. ನಾವು ಕೇಳುವುದು ಎರಡೇ. ನಮ್ಮ ಪಾಲಿಗೆ ಉಳಿಯುವ ಓಟನ್ನು ಚೆಲ್ಲಾಪಿಲ್ಲಿ ಮಾಡಬೇಡಿ. ಸೀಟು ಎಲ್ಲಿಗೆ ಹೋದರೂ ಬೆಲೆಯ ನ್ಯಾಯ ಸೀಟಿನ ಎಣಿಕೆಯ ಮೇಲೆ ನಿಲ್ಲಬಾರದು.

ಕೈ ಕಟ್ಟಿ ಕೂರಬೇಡಿ

ಕಾಯಿದೆ ನಮ್ಮ ಕೈಗೆ ಏನು ಕೊಟ್ಟಿದೆ? 2002ರ ಪುನರ್ವಿಂಗಡಣಾ ಕಾಯಿದೆ ಹೇಳುತ್ತದೆ: ಕ್ಷೇತ್ರ ಆದಷ್ಟು ಒತ್ತಾಗಿ ಒಂದೇ ಕಡೆ ಇರಬೇಕು. ಹೊಳೆ ಗುಡ್ಡ ನೋಡಬೇಕು. ಇದ್ದ ಆಡಳಿತದ ಗಡಿ ನೋಡಬೇಕು. ಸಂಚಾರದ ಅನುಕೂಲ, ಜನರ ಅನುಕೂಲ ನೋಡಬೇಕು. ಕರಡನ್ನು ಗೆಜೆಟ್ಟಿನಲ್ಲಿ, ಪತ್ರಿಕೆಗಳಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಬಹಿರಂಗ ಸಭೆ ನಡೆಸಬೇಕು. ಪ್ರತಿ ರಾಜ್ಯದಿಂದ ಐದು ಎಂ.ಪಿ., ಐದು ಎಮ್ಮೆಲ್ಲೆ ಸಹಸದಸ್ಯರಾಗಿ ಕೂರುತ್ತಾರೆ. ಅವರಿಗೆ ಓಟಿಲ್ಲ, ಬಾಯಿ ಇದೆ. ಆದೇಶ ಒಮ್ಮೆ ಹೊರಬಿದ್ದರೆ ಅದಕ್ಕೆ ಕಾನೂನಿನ ಬಲ, ಕೋರ್ಟಿನಲ್ಲಿ ಪ್ರಶ್ನೆ ಮಾಡುವಂತಿಲ್ಲ ಎಂದು ಬರೆದಿದೆ. 2024ರಲ್ಲಿ ಸುಪ್ರೀಂ ಕೋರ್ಟು, ತೀರಾ ಮನಬಂದಂತೆ ಮಾಡಿದ ಆದೇಶವಾದರೆ ನೋಡಬಹುದು ಎಂದು ಬಾಗಿಲನ್ನು ಸ್ವಲ್ಪ ತೆರೆದಿಟ್ಟಿತು. ಆದರೆ ಕೋರ್ಟಿನ ಮೆಟ್ಟಿಲನ್ನು ನಂಬಿ ಕೂತರೆ ಸುಗ್ಗಿ ದಾಟಿಹೋಗುತ್ತದೆ. ಹೋರಾಟವೆಲ್ಲಾ ಕರಡು ಬಂದ ಕೆಲವೇ ವಾರಗಳಲ್ಲಿ. ಆಗ ನಕಾಶೆ ಬಿಚ್ಚಿ ನೋಡುವವರು ಯಾರು? ಪಕ್ಷದವರು, ಗುತ್ತಿಗೆದಾರರು, ಟಿಕೆಟ್ ಆಸೆ ಇದ್ದವರು. ರೈತ ಆಗ ಬಿತ್ತನೆಯಲ್ಲಿ ಇರುತ್ತಾನೆ.

ಆದ್ದರಿಂದ ಈಗಲೇ ಹೇಳಿಡುತ್ತೇನೆ.

ಜನಗಣತಿಯ ಎಣಿಕೆಯಲ್ಲಿ ಯಾರೂ ಬಿಟ್ಟುಹೋಗಬಾರದು. ಸುಗ್ಗಿಗೆ ಗುಳೆ ಹೋಗಿ ಬರುವ ತಾಂಡಾದವರು, ಹೊಲದ ಮನೆಯಲ್ಲಿ ಇರುವವರು, ಇವರೇ ಮೊದಲು ಬಿಟ್ಟುಹೋಗುವವರು. ಸುಳ್ಳು ಲೆಕ್ಕ ಬರೆಸಬೇಡಿ, ಇದ್ದವರನ್ನು ಬಿಡಬೇಡಿ.

ಕರಡು ಬಂದ ದಿನವೇ ನಿಮ್ಮ ಹಳ್ಳಿ ಎಲ್ಲಿ ಬಿದ್ದಿದೆ ನೋಡಿ. ಮಾರುಕಟ್ಟೆ, ಕಾಲುವೆ, ದಾರಿ ಈ ಮೂರೂ ಒಂದೇ ಗೆರೆಯೊಳಗೆ ಇವೆಯೇ ಎಂದು ಕೇಳಿ. ತುಂಗಾ ಮೇಲ್ದಂಡೆ ಕಾಲುವೆಯ ತುದಿಯ ಹಳ್ಳಿಗಳನ್ನು ಮೂರು ಕ್ಷೇತ್ರಕ್ಕೆ ಹಂಚಿದರೆ ತುದಿಯವನಿಗೆ ನೀರು ಕೇಳಲು ಯಾರೂ ಇರುವುದಿಲ್ಲ.

ಒಬ್ಬೊಬ್ಬರೇ ಅರ್ಜಿ ಬರೆದರೆ ಕಸದ ಬುಟ್ಟಿ. ಗ್ರಾಮಸಭೆಯಲ್ಲಿ ಠರಾವು ಮಾಡಿ, ನೂರು ಹಳ್ಳಿಯ ಠರಾವು ಒಂದೇ ಮಾತು ಹೇಳಲಿ. ಸಹಸದಸ್ಯರಾಗಿ ಕೂರುವ ಎಮ್ಮೆಲ್ಲೆ, ಎಂ.ಪಿ. ಆಯೋಗದ ಮುಂದೆ ಏನು ಹೇಳುತ್ತಾರೆಂದು ಬರವಣಿಗೆಯಲ್ಲಿ ಕೇಳಿ. ಯಾವ ಪಕ್ಷದವರೇ ಆಗಲಿ.

ಜಿಲ್ಲಾ, ತಾಲೂಕು ಪಂಚಾಯತಿಯ ಗೆರೆಯನ್ನು ಮರೆಯಬೇಡಿ. 2016ರಲ್ಲಿ ಆರಿಸಿದ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು, ಸರ್ಕಾರ ನೇಮಿಸುವ ಬೇರೆ ಆಯೋಗಕ್ಕೆ ಕೊಟ್ಟರು. ಗೆರೆಯ ಲೆಕ್ಕ ಮುಗಿಯಲಿಲ್ಲ ಎಂಬ ನೆಪದಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಗೆರೆ ಎಳೆಯದೆಯೂ ಓಟು ಕಸಿಯಬಹುದು ಎಂಬುದಕ್ಕೆ ಇದು ಸಾಕ್ಷಿ.

ಕಾಟಾದವನು ತೂಗುವಾಗ ನಾವು ಕೈ ಕಟ್ಟಿ ನಿಂತ ಕಾಲ ಒಂದಿತ್ತು. ಸಂಘಟನೆ ಬಂದ ಮೇಲೆ ಕಾಟಾದ ಮುಂದೆ ನಿಂತು ಕೇಳುವುದನ್ನು ಕಲಿತೆವು. ಗೆರೆಯ ಮುಂದೆಯೂ ಹಾಗೇ ನಿಲ್ಲಬೇಕು. ನಕಾಶೆ ಓದಲು ಬರುವ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಪ್ರತಿ ಊರಲ್ಲೂ ಈ ಕೆಲಸಕ್ಕೆ ಈ ತಿಂಗಳಲ್ಲೇ ಗೊತ್ತುಮಾಡಿ, ಹೆಸರು ಬರೆಸಿ ಹೋಗಿ. ಪಟ್ಟಿ ಬರೆದುಕೊಳ್ಳುವವರು ಬಾಗಿಲ ಹತ್ತಿರ ಕೂತಿದ್ದಾರೆ.